ಕ್ಯಾಮೆರಾ ಬಂತು, ಪಟ್ಟಿ ಬಂತು, ಡಾಕ್ಟರು ಬರಲಿಲ್ಲ

ಕಾಸರಗೋಡಿನ ಎಂಡೋಸಲ್ಫಾನ್ ಮಕ್ಕಳನ್ನು ನೋಡದವರು ಯಾರಿದ್ದಾರೆ? ನೋಡೋಕೆ ಅಲ್ಲಿಗೆ ಹೋಗಬೇಕಾದ ಅಗತ್ಯವೇ ಬರಲಿಲ್ಲ. ಚಿತ್ರಗಳೇ ನಮ್ಮ ಹತ್ತಿರ ಬಂದವು. ದೊಡ್ಡದಾಗಿ ಬೆಳೆದ ತಲೆ, ಕಡ್ಡಿಯಂಥ ಕೈಕಾಲು, ಆ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕ್ಯಾಮೆರಾವನ್ನೇ ದಿಟ್ಟಿಸುವ ತಾಯಿ. ಪೇಪರಿನಲ್ಲಿ, ಪೋಸ್ಟರಿನಲ್ಲಿ, ಮೆರವಣಿಗೆಯ ಬ್ಯಾನರಿನಲ್ಲಿ, ಸಿನಿಮಾದಲ್ಲಿ, ಕಾದಂಬರಿಯಲ್ಲಿ ಈ ಮಗು ಎಲ್ಲರಿಗೂ ಸಿಕ್ಕಿದೆ. ಕಣ್ಣೀರು ಹರಿದಿದೆ. ಭಾಷಣ ಆಗಿದೆ. ಪ್ರಶಸ್ತಿಯೂ ಬಂದಿದೆ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಆ ಮಗುವಿಗೆ ರಾತ್ರಿ ಹನ್ನೊಂದು ಗಂಟೆಗೆ ಫಿಟ್ಸ್ ಬಂದರೆ ಆ ತಾಯಿ ಎಲ್ಲಿಗೆ ಹೋಗಬೇಕು?

ಇದು ವೈದ್ಯರ ಪ್ರಶ್ನೆ, ಸಾಹಿತ್ಯಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳುವವರು ಇದ್ದಾರೆ. ಸಂಬಂಧ ಇದೆ. ಒಂದು ಸಮಾಜ ತನ್ನ ಮಕ್ಕಳ ನೋವನ್ನು ಹೇಗೆ ನೋಡುತ್ತದೆ ಅನ್ನುವುದರ ಮೇಲೆ ಆ ನೋವಿಗೆ ಏನು ಮಾಡುತ್ತದೆ ಅನ್ನುವುದೂ ನಿಂತಿದೆ. ನೋಟ ಕರುಣೆಯದಾದರೆ ಸಿಕ್ಕುವುದು ಭಿಕ್ಷೆ. ನೋಟ ಹಕ್ಕಿನದಾದರೆ ಮಾತ್ರ ಸಿಕ್ಕುವುದು ಆಸ್ಪತ್ರೆ. ಆದ್ದರಿಂದ ಈ ನೋಟವನ್ನೇ ವಿಮರ್ಶೆಗೆ ಒಡ್ಡಬೇಕಾಗಿದೆ.

*

ಮೊದಲು ಸಂಗತಿ ತಿಳಿಯೋಣ. ಕಾಸರಗೋಡಿನ ಗುಡ್ಡೆಗಳ ಮೇಲೆ ಸಾವಿರಾರು ಎಕರೆ ಗೇರುತೋಟ. ತೋಟ ಯಾವ ಸಾಹುಕಾರನದೂ ಅಲ್ಲ, ಕೇರಳ ಸರ್ಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್ನಿನದು. 1970ರ ದಶಕದ ಕೊನೆಯಿಂದ 2000ದವರೆಗೆ, ಸುಮಾರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಈ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗೇರಿನ ಹೂವಿಗೆ ಬೀಳುವ, ಟೀ ಸೊಳ್ಳೆ ಅಂತ ಕರೆಯುವ ಕೀಟವನ್ನು ಕೊಲ್ಲೋದಕ್ಕೆ. ತೋಟ ಗುಡ್ಡೆಯ ತಲೆಯ ಮೇಲೆ, ಜನ ಗುಡ್ಡೆಯ ಬುಡದಲ್ಲಿ. ನೀರು ಮೇಲಿನಿಂದ ಕೆಳಗೆ ಹರಿಯುತ್ತದೆ ಅನ್ನುವುದಕ್ಕೆ ಯಾವ ವಿಜ್ಞಾನಿಯ ಸರ್ಟಿಫಿಕೇಟೂ ಬೇಡ. ಸಿಂಪಡಿಸುವ ಹೊತ್ತಿಗೆ ಬಾವಿ ಮುಚ್ಚಬೇಕು ಅನ್ನುವುದು ನಿಯಮದ ಮಾತು. ಆದರೆ ಪಡ್ರೆ, ಎಣ್ಮಕಜೆ ಕಡೆಯ ಜನ ನೀರು ಕುಡಿಯುವುದು ಬಾವಿಯಿಂದ ಮಾತ್ರ ಅಲ್ಲ. ಗುಡ್ಡೆಯನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ, ಬಯಲಲ್ಲಿ ಹರಿಯುವ ತೋಡಿನಿಂದ. ತೋಡಿಗೆ ಮುಚ್ಚಳ ಹಾಕುವುದು ಹೇಗೆ? ಗುಡ್ಡೆಗೇ ಹೊದಿಕೆ ಹೊದಿಸುವುದು ಹೇಗೆ?

ಕರುಗಳು ವಿಕಾರವಾಗಿ ಹುಟ್ಟುತ್ತಿವೆ ಎಂದು 1980ರ ಹೊತ್ತಿಗೇ ಬರೆದವರು ಪತ್ರಕರ್ತ ಶ್ರೀ ಪಡ್ರೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1998ರಲ್ಲಿ ಕೃಷಿ ಇಲಾಖೆಯ ನೌಕರಳಾಗಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಶಾಲೆಮಕ್ಕಳನ್ನೂ ಸಿಂಪಡಣೆ ಇಲ್ಲದ ಮೀಂಜದ ಮಕ್ಕಳನ್ನೂ ಹೋಲಿಸಿ ನೋಡಿ 2002ರಲ್ಲಿ ವರದಿ ಕೊಟ್ಟಿತು. ಕಲಿಕೆಯ ತೊಂದರೆ, ಹುಟ್ಟಿನ ಊನ, ಗಂಡುಮಕ್ಕಳು ಪ್ರಾಯಕ್ಕೆ ಬರುವುದರಲ್ಲಿ ತಡ, ಎಲ್ಲವೂ ಪಡ್ರೆಯಲ್ಲಿ ಹೆಚ್ಚು ಕಂಡವು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ನಿಷೇಧಿಸಿತು.

ವಿಷ ನಿಂತಿತು. ಮಕ್ಕಳು ಉಳಿದರು.

*

ಈಗ ಕಲೆಯ ವಿಷಯಕ್ಕೆ ಬರೋಣ. ಮಾತೃಭೂಮಿಯ ಛಾಯಾಗ್ರಾಹಕ ಮಧುರಾಜ್ ತೆಗೆದ ಚಿತ್ರಗಳು ದೇಶದ ಕಣ್ಣು ತೆರೆಸಿದವು. ಇದನ್ನು ಅಲ್ಲಗಳೆಯುವುದು ಕೃತಘ್ನತೆ. ಆ ಚಿತ್ರಗಳು ಇಲ್ಲದಿದ್ದರೆ ನಿಷೇಧದ ಹೋರಾಟ ಅಷ್ಟು ಬೇಗ ಅಷ್ಟು ದೂರ ಮುಟ್ಟುತ್ತಿರಲಿಲ್ಲ. 2009ರಲ್ಲಿ ಅಂಬಿಕಾಸುತನ್ ಮಾಙಾಡ್ ಅವರ ಮಲಯಾಳಂ ಕಾದಂಬರಿ ‘ಎಣ್ಮಕಜೆ’ ಬಂತು. 2015ರಲ್ಲಿ ಡಾ. ಬಿಜು ನಿರ್ದೇಶಿಸಿದ ‘ವಲಿಯ ಚಿರಕುಳ್ಳ ಪಕ್ಷಿಗಳ್’ ಸಿನಿಮಾ ಬಂತು. ಅದಕ್ಕೆ ಪರಿಸರದ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು.

ಗಮನಿಸಿ ಗೆಳೆಯರೆ. ಆ ಸಿನಿಮಾದ ನಾಯಕ ಯಾರು? ಒಬ್ಬ ಫೋಟೋಗ್ರಾಫರ್. ಕಾದಂಬರಿಯಲ್ಲಿ ನಮಗೆ ನೋವನ್ನು ತೋರಿಸುವ ಕಣ್ಣು ಯಾರದು? ಸಮಾಜವನ್ನೇ ಬಿಟ್ಟು ಕಾಡಿನಂಚಿಗೆ ಬಂದು ನೆಲೆಸಿದ ಒಬ್ಬ ಗಂಡಸು, ಒಬ್ಬಳು ಹೆಂಗಸು. ಇವರೆಲ್ಲ ಒಳ್ಳೆಯವರೇ. ಅವರ ಸಂಕಟ ಸುಳ್ಳಲ್ಲ. ಆದರೆ ಕತೆಯ ಕಣ್ಣು ಹೊರಗಿನಿಂದ ಬಂದದ್ದು. ಅದು ಬರುವ ತನಕ ಅಲ್ಲಿ ನೋಡುವವರೇ ಇರಲಿಲ್ಲ ಅನ್ನುವ ಹಾಗೆ ಕತೆ ನಡೆಯುತ್ತದೆ. ದಿನಾ ಆ ಮಗುವಿನ ಬಾಯೊರೆಸಿ, ಬಟ್ಟೆ ಬದಲಿಸಿ, ಗಂಜಿಯನ್ನು ಗಂಟಲಿಗೆ ಸಿಕ್ಕದ ಹಾಗೆ ತೊಟ್ಟುತೊಟ್ಟಾಗಿ ಇಳಿಸುವ ತಾಯಿಗೆ ಗೊತ್ತಿರುವುದು ಕತೆಯಲ್ಲಿ ತಿಳಿವಳಿಕೆ ಅನ್ನಿಸಿಕೊಳ್ಳುವುದಿಲ್ಲ; ಬರೀ ದುಃಖ ಅನ್ನಿಸಿಕೊಳ್ಳುತ್ತದೆ.

ಕ್ಯಾಮೆರಾ ಹಿಡಿದವನಿಗೆ ಮಗು ಒಂದು ಗಳಿಗೆಯ ಮಗು. ಕ್ಲಿಕ್ ಅಂದರೆ ಮುಗಿಯಿತು. ಆ ಮಗುವಿಗೆ ಆಮೇಲೆ ವಯಸ್ಸಾಗುವುದಿಲ್ಲ. ತಾಯಿಗೆ ಹಾಗಲ್ಲ. ಅವಳ ಮಗು ಎಂಟು ಕೆಜಿಯಿಂದ ಇಪ್ಪತ್ತು ಕೆಜಿ ಆಗುತ್ತದೆ, ಮೂವತ್ತು ಆಗುತ್ತದೆ. ಎತ್ತೋಕೆ ಆಗದಷ್ಟು ಭಾರ ಆಗುತ್ತದೆ. ಅವಳ ಸೊಂಟ ಬೀಳುತ್ತದೆ. ಕೂಲಿಗೆ ಹೋಗೋದು ನಿಲ್ಲುತ್ತದೆ. ಕರುಣೆಯ ಕಲೆಗೆ ಈ ಕಾಲದ ಲೆಕ್ಕ ಇಲ್ಲ. ವೈದ್ಯದ ಲೆಕ್ಕ ಪೂರ್ತಿ ನಿಂತಿರುವುದು ಈ ಕಾಲದ ಮೇಲೆ.

*

ಯಾಕೆ ಅಂತ ಬಿಡಿಸಿ ಹೇಳಬೇಕು. ತಜ್ಞವೈದ್ಯ ಹತ್ತಿರ ಇರಲಿ ಅಂದರೆ ಅದು ಸುಖದ ಬೇಡಿಕೆ, ಬಸ್‌ಚಾರ್ಜು ಉಳಿಸುವ ಬೇಡಿಕೆ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ.

ಮಿದುಳಿನ ತೊಂದರೆ ಇರುವ ಮಕ್ಕಳಿಗೆ ಫಿಟ್ಸ್ ಸಾಮಾನ್ಯ. ಫಿಟ್ಸಿನ ಮಾತ್ರೆ ತೂಕ ನೋಡಿ ಕೊಡುವಂಥದ್ದು. ಮಗು ಬೆಳೆದ ಹಾಗೆ ಡೋಸು ಬದಲಾಗಬೇಕು. ಮೂರು ತಿಂಗಳಿಗೋ ಆರು ತಿಂಗಳಿಗೋ ತಿಳಿದವರು ನೋಡಲೇಬೇಕು. ಮಾತ್ರೆ ಒಂದು ವಾರ ತಪ್ಪಿದರೆ, ನಿಲ್ಲದ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತು. ತಲೆಯಲ್ಲಿ ನೀರು ತುಂಬುವ ಹೈಡ್ರೊಸೆಫಾಲಸ್ ಇದ್ದರೆ ಬೇಗನೆ ಆಪರೇಶನ್ ಮಾಡಿ ನೀರು ಇಳಿಯೋಕೆ ನಳಿಗೆ ಹಾಕಬೇಕು. ತಡ ಆದಷ್ಟೂ ಮಿದುಳು ನುಜ್ಜಾಗುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಮೊದಲ ಎರಡು ಮೂರು ವರ್ಷವೇ ಬಂಗಾರದ ಕಾಲ. ಆಗ ದಿನಾ ಕೈಕಾಲು ಆಡಿಸುವ ವ್ಯಾಯಾಮ ಸಿಕ್ಕಿದರೆ ಕೂರುವ ಮಗು ಕೂರುತ್ತದೆ, ನಿಲ್ಲುವ ಮಗು ನಿಲ್ಲುತ್ತದೆ. ಸಿಕ್ಕದಿದ್ದರೆ ಸ್ನಾಯು ಬಿಗಿದು ಕಾಲು ಕತ್ತರಿಯಂತೆ ಹೆಣೆದುಕೊಳ್ಳುತ್ತದೆ. ಮಲಗಿಸಿ ಉಣ್ಣಿಸಿದರೆ ಗಂಜಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಹೇಗೆ ಹಿಡಿದು ಉಣ್ಣಿಸಬೇಕು ಅನ್ನುವುದನ್ನು ಒಬ್ಬರು ಒಂದು ಗಂಟೆ ಕೂತು ತಾಯಿಗೆ ತೋರಿಸಿದರೆ ಸಾಕು, ಒಂದು ಜೀವ ಉಳಿಯಬಹುದು.

ಅಂದರೆ ಏನಾಯ್ತು? ಇಂಥ ಮಗುವಿಗೆ ಬೇಕಾದದ್ದು ವರ್ಷಕ್ಕೊಮ್ಮೆ ದೊಡ್ಡ ಆಸ್ಪತ್ರೆಯ ದರ್ಶನ ಅಲ್ಲ. ಸಣ್ಣಸಣ್ಣದಾಗಿ, ಪದೇಪದೇ, ಬಿಡದೆ ಸಿಗುವ ತಜ್ಞರ ಕೈ. ಪದೇಪದೇ ಬೇಕಾದದ್ದು ದೂರ ಇದ್ದರೆ ಅದು ಇಲ್ಲದ ಹಾಗೆಯೇ. ಕೂಲಿ ಬಿಟ್ಟು, ಉಳಿದ ಮಕ್ಕಳನ್ನು ನೆರೆಯವರಿಗೆ ಒಪ್ಪಿಸಿ, ನೆಟ್ಟಗೆ ಕೂರಲಾರದ ಮಗುವನ್ನು ಎತ್ತಿಕೊಂಡು ಪೆರ್ಲದಿಂದ ಮಂಗಳೂರಿಗೆ ಎಷ್ಟು ಸಲ ಹೋದಾಳು ತಾಯಿ? ಮೊದಲ ವರ್ಷ ಹೋಗುತ್ತಾಳೆ. ಎರಡನೆಯ ವರ್ಷ ಅರ್ಧ. ಮೂರನೆಯ ವರ್ಷ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಅದೇ ಮಾತ್ರೆ ತರುತ್ತಾಳೆ. ಮಗುವಿನ ತೂಕ ಏರಿದೆ, ಮಾತ್ರೆ ಏರಿಲ್ಲ. ಇದಕ್ಕೆ ಆಸ್ಪತ್ರೆಯವರು ಇಡುವ ಹೆಸರು, ‘ಪೋಷಕರ ಅಲಕ್ಷ್ಯ’.

*

ಹತ್ತಿರ ಅನ್ನುವುದಕ್ಕೆ ಇನ್ನೊಂದು ಅರ್ಥವೂ ಇದೆ. ಅದನ್ನು ಕಾಸರಗೋಡೇ ನಮಗೆ ಕಲಿಸಿದ್ದು.

ಈ ರೋಗಗಳ ಹಿಂದೆ ಒಂದು ಕಾರಣ ಇರಬೇಕು ಅಂತ ಮೊದಲು ಸಂಶಯ ಪಟ್ಟ ವೈದ್ಯ ಯಾರು? ಯಾವ ಮೆಡಿಕಲ್ ಕಾಲೇಜಿನ ಪ್ರೊಫೆಸರೂ ಅಲ್ಲ. ಎಣ್ಮಕಜೆ ಪಂಚಾಯಿತಿಯ ವಾಣೀನಗರದಲ್ಲಿ 1982ರಿಂದ ಸಣ್ಣ ದವಾಖಾನೆ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನ ಕುಮಾರ್. ಸಾಮಾನ್ಯ ವೈದ್ಯರು. ಅವರಿಗೆ ಯಾಕೆ ಗೊತ್ತಾಯಿತು? ಅವರು ಹತ್ತಿರ ಇದ್ದರು. ಒಂದೇ ತೋಡಿನ ಆಚೆ ಈಚೆ ಇರುವ ಮನೆಗಳಿಂದ ಒಂದೇ ಥರದ ಕಾಯಿಲೆ ಬರುವುದನ್ನು ಕಂಡರು. ಯಾರ ಮನೆ ಎಲ್ಲಿದೆ, ಯಾರು ಎಲ್ಲಿಯ ನೀರು ಕುಡಿಯುತ್ತಾರೆ ಅನ್ನುವುದು ಅವರಿಗೆ ತಿಳಿದಿತ್ತು. ಮಂಗಳೂರಿನ ತಜ್ಞರ ಮುಂದೆ ಇದೇ ಮಕ್ಕಳು ಒಬ್ಬೊಬ್ಬರಾಗಿ ಬೇರೆಬೇರೆ ದಿನ ಹೋಗಿ ಕೂತಿರಬಹುದು. ಅಲ್ಲಿ ಪ್ರತಿ ಮಗುವೂ ಒಂದು ಕೇಸು. ಇಲ್ಲಿ ಮಾತ್ರ ಅವು ಒಂದು ಊರು.

ದೂರದ ತಜ್ಞನಿಗೆ ರೋಗ ಕಾಣುತ್ತದೆ, ಹತ್ತಿರದ ವೈದ್ಯನಿಗೆ ರೋಗದ ಬೇರು ಕಾಣುತ್ತದೆ. ಎರಡೂ ಬೇಕು. ತಜ್ಞತೆಯನ್ನು ನಗರದಲ್ಲಿ ಕೂಡಿಟ್ಟುಕೊಂಡು ಹಳ್ಳಿಯವರನ್ನು ಅಲ್ಲಿಗೆ ಕರೆಸಿಕೊಳ್ಳುವ ವ್ಯವಸ್ಥೆಗೆ ಬೇರು ಕಾಣುವುದಿಲ್ಲ. ಬೇರು ಕಾಣದಿರುವುದರಲ್ಲಿ ಕೆಲವರಿಗೆ ಲಾಭವೂ ಇರುತ್ತದೆ.

*

ಹಾಗಾದರೆ ತಜ್ಞರು ಕಾಸರಗೋಡಿಗೆ ಬರಲೇ ಇಲ್ಲವೆ? ಬಂದರು. ಇಲ್ಲಿಯೇ ಇರುವುದು ನಮ್ಮ ಕಾಲದ ಅತಿದೊಡ್ಡ ವ್ಯಂಗ್ಯ.

ಸಂತ್ರಸ್ತರ ಪಟ್ಟಿ ಮಾಡೋಕೆ ಸರ್ಕಾರ ಮೆಡಿಕಲ್ ಕ್ಯಾಂಪುಗಳನ್ನು ನಡೆಸಿತು. ಹಲವು ವಿಭಾಗದ ಸ್ಪೆಶಲಿಸ್ಟರು ಬಂದು ಕೂತರು. ಮಕ್ಕಳನ್ನು ಹೊತ್ತುಕೊಂಡು ಬಂದ ತಾಯಂದಿರು ಸಾಲು ನಿಂತರು. ಡಾಕ್ಟರು ನೋಡಿದ್ದು ಮಗುವಿಗೆ ಏನು ಮಾಡಬೇಕು ಅಂತ ಅಲ್ಲ; ಮಗು ಪಟ್ಟಿಗೆ ಸೇರುತ್ತದೋ ಇಲ್ಲವೋ ಅಂತ. 2017ರ ಕ್ಯಾಂಪಿನಲ್ಲಿ ಮೊದಲು ಗುರುತಿಸಿದ್ದು 1905 ಜನರನ್ನು. ಆಮೇಲೆ ಪಟ್ಟಿ ಕಿರಿದಾಗಿ 287ಕ್ಕೆ ಇಳಿಯಿತು. ಗಲಾಟೆ ಆದ ಮೇಲೆ 76 ಸೇರಿತು. 2019ರ ಜನವರಿಯಲ್ಲಿ ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಐನೂರೈವತ್ತು ಕಿಲೋಮೀಟರಿಗೂ ದೂರದ ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯಟ್ಟಿನ ಮುಂದೆ ಕೂತರು. ಆಗ ಹದಿನೆಂಟು ವರ್ಷದ ಒಳಗಿನ 511 ಮಕ್ಕಳು ಸೇರಿದರು. ಉಳಿದ 1031 ಜನರ ಹೆಸರಿಗಾಗಿ ಹೋರಾಟ ಮತ್ತೂ ನಡೆಯಿತು.

ಈ ಅಂಕಿಗಳನ್ನು ಮತ್ತೊಮ್ಮೆ ಓದಿ. ಡಾಕ್ಟರನ್ನು ಗುಮಾಸ್ತ ಮಾಡಿದ್ದು ಇವು. ಸ್ಟೆತಾಸ್ಕೋಪು ಇಲ್ಲಿ ರಬ್ಬರ್‌ಸ್ಟಾಂಪಿನ ಕೆಲಸ ಮಾಡಿತು. ತಜ್ಞತೆ ಮನೆಯ ಹತ್ತಿರ ಬಂತು ನಿಜ. ಗುಣ ಮಾಡೋಕಲ್ಲ, ಗುಣಿಸಿ ಕಳೆಯೋಕೆ.

ಪಟ್ಟಿಯಲ್ಲಿದ್ದವರಿಗೆ ಆಯ್ದ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಇತ್ತು, ಮಾಸಾಶನ ಇತ್ತು. ಅವು ದೊಡ್ಡ ಹೋರಾಟದಿಂದ ಗಳಿಸಿದ್ದು, ಅವನ್ನು ಹಗುರವಾಗಿ ಕಾಣಬಾರದು. ಪಂಚಾಯಿತಿಗಳಲ್ಲಿ ಕುಟುಂಬಶ್ರೀಯ ಬಡ್ಸ್ ಶಾಲೆಗಳೂ ಬಂದವು. ಹಗಲಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆ ಶಾಲೆಗಳು ಎಷ್ಟೋ ತಾಯಂದಿರಿಗೆ ಉಸಿರಾಡೋಕೆ ಜಾಗ ಕೊಟ್ಟಿವೆ. ಆದರೆ ಪಟ್ಟಿಯ ತರ್ಕವನ್ನೇ ಪ್ರಶ್ನಿಸಬೇಕು. ಒಂದೇ ಓಣಿಯ ಎರಡು ಮನೆಯಲ್ಲಿ ಇಬ್ಬರು ಮಕ್ಕಳು. ಇಬ್ಬರಿಗೂ ಫಿಟ್ಸ್. ಒಬ್ಬನದು ಎಂಡೋಸಲ್ಫಾನಿನಿಂದ ಅಂತ ಸರ್ಕಾರ ಒಪ್ಪಿತು, ಇನ್ನೊಬ್ಬನದನ್ನು ಒಪ್ಪಲಿಲ್ಲ. ಎರಡನೆಯವನಿಗೆ ಬರುವ ಫಿಟ್ಸ್ ಬೇರೆಯೆ?

ಎಂಡೋಸಲ್ಫಾನೇ ಕಾರಣ ಅಲ್ಲ ಅಂತ ವಾದಿಸುವ ವಿಜ್ಞಾನಿಗಳು ಇವತ್ತಿಗೂ ಇದ್ದಾರೆ. ವಾದಿಸಲಿ ಬಿಡಿ. ಪರಿಹಾರ ಯಾರು ಕೊಡಬೇಕು ಅನ್ನುವುದಕ್ಕೆ ಕಾರಣದ ರುಜುವಾತು ಬೇಕು. ಚಿಕಿತ್ಸೆಗೆ ಯಾಕೆ ಬೇಕು? ಹಾವು ಕಚ್ಚಿತೋ ಚೇಳು ಕಚ್ಚಿತೋ ಅಂತ ಪಂಚಾಯಿತಿ ಕೂಡಿಸಿ, ತೀರ್ಪು ಆದ ಮೇಲೆ ಮದ್ದು ಕೊಡುವ ಊರು ಎಲ್ಲಾದರೂ ಇದೆಯೆ? ಪರಿಹಾರದ ಪ್ರಶ್ನೆಯನ್ನೂ ಚಿಕಿತ್ಸೆಯ ಪ್ರಶ್ನೆಯನ್ನೂ ಒಂದೇ ಗಂಟಿಗೆ ಕಟ್ಟಿದ್ದೇ ಆಳುವವರ ಜಾಣತನ. ಪರಿಹಾರವೂ ಬೇಗ ಬರಲಿಲ್ಲ ಅನ್ನೋದು ಬೇರೆ ಮಾತು. ಐದೈದು ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು. 2022ರ ಮೇ ತಿಂಗಳಲ್ಲಿ ನೋಡಿದರೆ 3704 ಜನರಲ್ಲಿ ಅದು ಸಿಕ್ಕಿದ್ದು 8 ಜನಕ್ಕೆ. ಎಂಟು!

*

ಈಗ ಕನ್ನಡಿಗರ ಸರದಿ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರ ಭಾಗ ಇತ್ತ ಸೇರಲಿ ಅಂದಿತು. ಅಂದಿನಿಂದ ಕಾಸರಗೋಡು ನಮ್ಮದು ಅನ್ನುವ ಕೂಗು ರಾಜ್ಯೋತ್ಸವದ ವೇದಿಕೆಗಳಲ್ಲಿ ಕೇಳುತ್ತಲೇ ಇದೆ. ಸರಿ, ನಮ್ಮದೇ. ಹಾಗಾದರೆ 2020ರ ಮಾರ್ಚ್ ಕೊನೆಯಲ್ಲಿ ಏನಾಯಿತು?

ಕೋವಿಡ್ ಲಾಕ್‌ಡೌನ್ ಬಂತು. ಕರ್ನಾಟಕ ಸರ್ಕಾರ ತಲಪಾಡಿಯ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿಯಿತು. ದೊಡ್ಡ ಕಾಯಿಲೆಗೆಲ್ಲ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಗಡಿಯಲ್ಲಿ ಸಿಕ್ಕಿಬಿದ್ದರು. ಆಸ್ಪತ್ರೆ ಮುಟ್ಟಲಾಗದೆ ಹಲವರು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ಬಿಡಿಸಿ ಅಂತ ಆದೇಶ ಕೊಡಬೇಕಾಯಿತು. ನೆಲ ನಮ್ಮದು, ನೆಲದ ಮೇಲಿನ ಜೀವ ನಮ್ಮದಲ್ಲ! ವಿಷದ ಗಾಳಿಗೆ ಗಡಿ ಇರಲಿಲ್ಲ. ಆಂಬುಲೆನ್ಸಿಗೆ ಗಡಿ ಇತ್ತು.

ಕೇರಳದ ಕಡೆಯೂ ಹೆಮ್ಮೆ ಪಡೋ ಹಾಗಿಲ್ಲ. ಆರೋಗ್ಯದಲ್ಲಿ ದೇಶಕ್ಕೇ ಮಾದರಿ ಅನ್ನಿಸಿಕೊಂಡ ರಾಜ್ಯ ಅದು. ಬದಿಯಡ್ಕದ ಹತ್ತಿರ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರ ನವೆಂಬರಿನಲ್ಲಿ. ಅದರ ಒಂದು ಕಟ್ಟಡಕ್ಕೆ ರೋಗಿಗಳು ಬಂದದ್ದು 2020ರಲ್ಲಿ, ಅದೂ ಕೋವಿಡ್ ದಯೆಯಿಂದ. ಜಿಲ್ಲೆಯೊಳಗೇ ತಜ್ಞರ ಚಿಕಿತ್ಸೆ ಬೇಕು, ಪಂಚಾಯಿತಿಗಳಲ್ಲಿ ಹಗಲುಮನೆ ಬೇಕು ಅಂತ ಸಮಾಜಸೇವಕಿ ದಯಾಬಾಯಿ 2022ರ ಅಕ್ಟೋಬರಿನಲ್ಲಿ, ಎಂಬತ್ತರ ವಯಸ್ಸಿನಲ್ಲಿ, ತಿರುವನಂತಪುರದಲ್ಲಿ ಎರಡು ವಾರಕ್ಕೂ ಮಿಕ್ಕಿ ಉಪವಾಸ ಕೂರಬೇಕಾಯಿತು. ಡಾಕ್ಟರು ಹತ್ತಿರ ಬರಲಿ ಅಂತ ಒಬ್ಬ ಮುದುಕಿ ಅನ್ನ ಬಿಡಬೇಕಾದ ದೇಶ ಇದು.

ಕರ್ನಾಟಕದ ಒಳಗೂ ಇದೇ ವಿಷ ಬಿದ್ದಿದೆ. ನಮ್ಮ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೂ ಹೆಲಿಕಾಪ್ಟರ್ ಹಾರಿದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಮಕ್ಕಳಿದ್ದಾರೆ. ಅವರ ಫೋಟೋ ಅಷ್ಟು ಬರಲಿಲ್ಲ. ಹಾಗಾಗಿ ಅವರ ಮೇಲೆ ಕಾದಂಬರಿಯೂ ಕಡಿಮೆ, ಕಾಳಜಿಯೂ ಕಡಿಮೆ.

*

ಮನೆಯ ಹತ್ತಿರ, ಮನೆ ಬಾಗಿಲಿಗೆ ಅಂತ ಸರ್ಕಾರಗಳು ಬಾಯ್ತುಂಬ ಹೇಳುತ್ತವೆ. ಯಾರ ಮನೆ? ಯಾವ ಬಾಗಿಲು?

ವಿಷ ಜಾತಿ ನೋಡಿ ಬೀಳಲಿಲ್ಲ. ಬ್ರಾಹ್ಮಣರ ಮನೆಯಲ್ಲೂ ಬಿತ್ತು, ಬ್ಯಾರಿಗಳ ಮನೆಯಲ್ಲೂ ಬಿತ್ತು, ಮೊಗೇರರ ಕಾಲೊನಿಯಲ್ಲೂ ಬಿತ್ತು. ಆದರೆ ವಿಷ ಬಿದ್ದ ಮೇಲೆ ಎದ್ದು ಮಂಗಳೂರಿಗೆ ಹೋಗುವ ಶಕ್ತಿ ಮಾತ್ರ ಜಾತಿ ನೋಡಿಯೇ ಹಂಚಿಕೆಯಾಗಿತ್ತು. ಅಡಕೆ ತೋಟ ಇದ್ದವನಿಗೆ ಕಾರು ಇತ್ತು, ಪಟ್ಟಣದಲ್ಲಿ ನೆಂಟರಿದ್ದರು, ಆಸ್ಪತ್ರೆಯಲ್ಲಿ ಪರಿಚಯದ ಡಾಕ್ಟರಿದ್ದ. ಗೇರುತೋಟದ ಕೂಲಿಯವಳಿಗೆ ಏನಿತ್ತು?

ಈ ಸೀಮೆಯಲ್ಲೇ ‘ಅಜಲು’ ಅನ್ನುವ ಪದ್ಧತಿ ಇತ್ತು ಅನ್ನುವುದನ್ನು ನೆನಪಿಡಿ. ಮೇಲಿನವರ ಮನೆಯ ಕಾಯಿಲೆ, ಅನಿಷ್ಟ ದಾಟಿಹೋಗಲಿ ಅಂತ ಉಗುರು ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದರು. ಕರ್ನಾಟಕ ಇದನ್ನು ಕಾನೂನು ಮಾಡಿ ನಿಷೇಧಿಸಿದ್ದು 2000ದಲ್ಲಿ. ಹೆಲಿಕಾಪ್ಟರ್ ನಿಂತದ್ದೂ ಅದೇ ವರ್ಷ! ಗುಡ್ಡೆಯ ಮೇಲೆ ಯಾರದೋ ಗೇರುಬೀಜದ ಲಾಭ. ಗುಡ್ಡೆಯ ಕೆಳಗಿನವರ ಗಂಟಲಿಗೆ ಅದರ ಅನಿಷ್ಟ. ಸರ್ಕಾರವೇ ನಡೆಸಿದ ದೊಡ್ಡ ಅಜಲು ಅದು.

ಇನ್ನು ಬಾಗಿಲಿನ ಮಾತು. ಘನಶ್ಯಾಮ್ ಶಾ, ಹರ್ಷ್ ಮಂದರ್, ಸುಖದೇವ್ ಥೋರಾತ್ ಮೊದಲಾದವರು 11 ರಾಜ್ಯಗಳ 565 ಹಳ್ಳಿಗಳಲ್ಲಿ ಅಸ್ಪೃಶ್ಯತೆಯ ಸಮೀಕ್ಷೆ ನಡೆಸಿ 2006ರಲ್ಲಿ ಪುಸ್ತಕ ತಂದರು. ಮೂರರಲ್ಲಿ ಒಂದು ಹಳ್ಳಿಯಲ್ಲಿ ಸರ್ಕಾರದ ಆರೋಗ್ಯ ಕಾರ್ಯಕರ್ತರು ದಲಿತರ ಮನೆಯೊಳಗೆ ಕಾಲಿಡುತ್ತಿರಲಿಲ್ಲ ಅಂತ ಅದರಲ್ಲಿದೆ. ಅಂದರೆ ಲೆಕ್ಕದಲ್ಲಿ ಆರೋಗ್ಯ ಮನೆ ಬಾಗಿಲಿಗೆ ಬಂದಿದೆ. ಹೊಸ್ತಿಲ ಆಚೆ ನಿಂತು ಕೂಗಿ, ಪುಸ್ತಕದಲ್ಲಿ ಗುರುತು ಹಾಕಿ ಹೋಗಿದೆ. ಕೂಸನ್ನು ಮುಟ್ಟದೆ ಅದರ ಜ್ವರ ತಿಳಿಯುವುದು ಹೇಗೆ? ಎದೆಗೂಡು ಒಳಗೆ ಸೆಳೆಯುವುದನ್ನು ಅಂಗಿ ಎತ್ತಿ ನೋಡದೆ ನ್ಯುಮೋನಿಯಾ ಗೊತ್ತಾಗುವುದು ಹೇಗೆ? ಶಿಶುವೈದ್ಯ ಅಂದರೆ ಮೊದಲಿಗೆ ಮುಟ್ಟುವ ವಿದ್ಯೆ. ಮುಟ್ಟದ ಕೈ ಎಷ್ಟೇ ಹತ್ತಿರ ಬಂದರೂ ಅದು ನೂರು ಮೈಲಿ ದೂರವೇ.

ಆದ್ದರಿಂದ ಕಿಲೋಮೀಟರ್ ಲೆಕ್ಕ ಒಂದನ್ನೇ ನಂಬಬೇಡಿ. ಆಸ್ಪತ್ರೆ ಊರ ನಡುವೆ ಇದ್ದು, ಕಾಲೊನಿಯವರು ಅದರ ಜಗಲಿಯಲ್ಲಿ ಕಾಯುವ ಹಾಗಿದ್ದರೆ ದೂರ ಕಡಿಮೆ ಆಗಿಲ್ಲ. ಚೀಟಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದು, ತಾಯಿಗೆ ತುಳುವೋ ಕನ್ನಡವೋ ಮಾತ್ರ ಗೊತ್ತಿದ್ದರೆ ದೂರ ಕಡಿಮೆ ಆಗಿಲ್ಲ.

*

‘ಹಳ್ಳಿಹಳ್ಳಿಗೂ ತಜ್ಞರನ್ನು ಇಡೋಕಾಗತ್ತೇನ್ರೀ?’ ಇದು ಮೇಜಿನ ಆಚೆಯವರ ಕೊನೆಯ ಬಾಣ. ಉತ್ತರ ಕೊಡೋಣ.

ಇದು ಹೊಸ ಹುಚ್ಚು ಬೇಡಿಕೆ ಅಲ್ಲ. 1946ರ ಭೋರ್ ಸಮಿತಿಯ ವರದಿ, ಚಿಕಿತ್ಸೆ ಜನರಿಗೆ ಆದಷ್ಟು ಹತ್ತಿರ ಇರಬೇಕು ಅಂತ ಸ್ವಾತಂತ್ರ್ಯಕ್ಕೆ ಮೊದಲೇ ಹೇಳಿತ್ತು. ದೇಶದ ಸಾವುಗಳಲ್ಲಿ ಅರ್ಧದಷ್ಟು ಹತ್ತು ವರ್ಷದೊಳಗಿನ ಮಕ್ಕಳದ್ದೇ ಆಗಿದ್ದ ಕಾಲ ಅದು. ಸರ್ಕಾರದ್ದೇ ನಿಯಮ ನೋಡಿ: ಬಯಲುಸೀಮೆಯಲ್ಲಿ 1,20,000 ಜನಕ್ಕೆ, ಗುಡ್ಡಗಾಡಿನಲ್ಲಿ 80,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ, ಅದರಲ್ಲಿ ಒಬ್ಬ ಮಕ್ಕಳ ತಜ್ಞ ಇರಲೇಬೇಕು. ಇದ್ದಾರೆಯೆ? ಕೇಂದ್ರ ಸರ್ಕಾರದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ, ದೇಶದ ಹಳ್ಳಿಗಾಡಿನ ಈ ಕೇಂದ್ರಗಳಿಗೆ ಬೇಕಾದ ಮಕ್ಕಳ ತಜ್ಞರಲ್ಲಿ ನೂರಕ್ಕೆ ಸುಮಾರು 80ರಷ್ಟು ಕೊರತೆ. ಕಟ್ಟಡ ಇದೆ, ಬೋರ್ಡು ಇದೆ, ಕುರ್ಚಿ ಖಾಲಿ.

2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ವರ್ಷಕ್ಕೊಂದು ಸಲ ಬಂದು ಹುಟ್ಟಿನ ಊನ, ಕೊರತೆ, ಕಾಯಿಲೆ, ಬೆಳವಣಿಗೆಯ ತಡ ಇವನ್ನು ಹುಡುಕಬೇಕು. ಸಿಕ್ಕಿದ ಮಗುವನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಕಾಗದದ ಮೇಲೆ ಚಂದದ ಯೋಜನೆ. ಇಲ್ಲಿ ಪಟ್ಟಿಯ ಕಾಟ ಇಲ್ಲ, ಕಾರಣದ ರುಜುವಾತು ಬೇಡ, ಎಲ್ಲ ಮಗುವಿಗೂ ಹಕ್ಕಿದೆ. ಆದರೆ ಹುಡುಕುವುದು ಹತ್ತಿರ, ಗುಣ ಮಾಡುವುದು ದೂರ. ನಡುವೆ ಇರುವುದು ಒಂದು ರೆಫರ್ ಚೀಟಿ. ಬಡವರ ಮನೆಯ ಡಬ್ಬಿಗಳಲ್ಲಿ ಇಂಥ ಚೀಟಿಗಳು ಮಡಿಸಿಕೊಂಡು ಕೂತಿರುತ್ತವೆ.

ಇನ್ನು ತಜ್ಞತೆ ಅಂದರೇನು ಅನ್ನುವುದನ್ನೂ ಒಡೆದು ನೋಡಬೇಕು. ಅದು ಕೋಟು ಹಾಕಿದವರ ಪಿತ್ರಾರ್ಜಿತ ಆಸ್ತಿಯೆ? ಮಹಾರಾಷ್ಟ್ರದ ಗಡಚಿರೋಲಿ ಬೇರೆ ಮಾತು ಹೇಳುತ್ತದೆ. ಅಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ಕಲಿಸಿದರು. ಹಸುಗೂಸನ್ನು ತೂಗುವುದು, ಬೆಚ್ಚಗಿಡುವುದು, ಉಸಿರು ಕಟ್ಟಿದರೆ ಉಸಿರು ಕೊಡುವುದು, ನಂಜು ಏರಿದರೆ ಇಂಜೆಕ್ಷನ್ ಚುಚ್ಚುವುದು. ಕೂಸುಗಳ ಡಾಕ್ಟರು ಮಾಡುವ ಕೆಲಸವನ್ನು ಅವರು ಗುಡಿಸಲಲ್ಲಿ ಮಾಡಿದರು. 39 ಹಳ್ಳಿಗಳಲ್ಲಿ ಮಾಡಿ, 47 ಹಳ್ಳಿಗಳ ಜೊತೆ ಹೋಲಿಸಿ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ತಿಂಗಳೊಳಗಿನ ಕೂಸುಗಳ ಸಾವು ನೂರಕ್ಕೆ ಅರವತ್ತರಷ್ಟು ಇಳಿದಿತ್ತು.

ದೇಶ ಇದನ್ನು ಹೇಗೆ ತೆಗೆದುಕೊಂಡಿತು? 2011ರಲ್ಲಿ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಿತು. ಇಂಜೆಕ್ಷನ್ ಕೈಬಿಟ್ಟಿತು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ನಲವತ್ತೆರಡು ದಿನದಲ್ಲಿ ಆರು ಸಲ ಹೋಗಿ ಬಂದರೆ ಒಟ್ಟು 250 ರೂಪಾಯಿ. ತಜ್ಞತೆಯನ್ನು ಹಂಚುವುದು ಒಂದು, ತಜ್ಞತೆ ಕೊಡದೆ ಬರೀ ದುಡಿಮೆಯನ್ನು ಹಂಚುವುದು ಇನ್ನೊಂದು. ನಮ್ಮ ಸರ್ಕಾರಗಳಿಗೆ ಎರಡನೆಯದೇ ಇಷ್ಟ. ಯಾಕೆಂದರೆ ಅದು ಅಗ್ಗ. ಕೆಳಜಾತಿಯ ಹೆಂಗಸಿನ ದುಡಿಮೆ ಈ ದೇಶದಲ್ಲಿ ಯಾವತ್ತೂ ಅಗ್ಗ.

*

ಹಾಗಾಗಿ ಬೇಡಿಕೆ ಸ್ಪಷ್ಟ ಇರಬೇಕು. ಪ್ರತಿ ಸಮುದಾಯ ಆರೋಗ್ಯ ಕೇಂದ್ರದಲ್ಲೂ ಖಾಯಂ ಮಕ್ಕಳ ತಜ್ಞರು ಇರಲಿ. ನರರೋಗ, ಹೃದಯ, ಮೂಳೆ ತಜ್ಞರು ವಾರಕ್ಕೋ ಹದಿನೈದು ದಿನಕ್ಕೋ ಗೊತ್ತುಮಾಡಿದ ದಿನ ತಾಲೂಕಿಗೆ ಬರಲಿ. ಸಾವಿರ ತಾಯಂದಿರು ಓಡುವುದಕ್ಕಿಂತ ಒಬ್ಬ ಡಾಕ್ಟರು ಓಡುವುದು ಅಗ್ಗ. ಫಿಟ್ಸಿನ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವತ್ತೂ ತಪ್ಪದೆ ಸಿಗಲಿ. ಅಂಗನವಾಡಿಯಷ್ಟು ಹತ್ತಿರ ಫಿಸಿಯೋಥೆರಪಿ ಇರಲಿ. ಚೀಟಿ ತಾಯಿ ಓದುವ ಭಾಷೆಯಲ್ಲಿರಲಿ. ಕೇರಿಯ ಹೆಂಗಸರಿಗೇ ತರಬೇತಿ ಕೊಟ್ಟು, ಗೌರವಧನ ಅನ್ನುವ ಅಗೌರವ ಬಿಟ್ಟು, ಸಂಬಳ ಕೊಟ್ಟು ನೇಮಿಸಲಿ. ಆಗ ಮನೆಯೊಳಗೆ ಕಾಲಿಡದ ಕಾರ್ಯಕರ್ತರ ಪ್ರಶ್ನೆಯೇ ಏಳುವುದಿಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ನಿಮ್ಮ ಶಾಲೆಗೆ ಆರೋಗ್ಯ ತಂಡ ಬಂದುಹೋದ ದಿನ ಯಾವ ಮಗುವಿಗೆ ರೆಫರ್ ಚೀಟಿ ಕೊಟ್ಟರು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಮೂರು ತಿಂಗಳು ಬಿಟ್ಟು ಆ ಮಗುವನ್ನು ಕೇಳಿ: ಹೋದೆಯಾ, ನೋಡಿದರಾ, ಏನು ಕೊಟ್ಟರು? ಹೋಗಿಲ್ಲದಿದ್ದರೆ ಯಾಕೆ ಹೋಗಲಿಲ್ಲ ಅಂತ ಬರೆಯಿರಿ. ಬಸ್ಸಿಲ್ಲ, ಕೂಲಿ ಬಿಡೋಕಾಗಲ್ಲ, ಅಲ್ಲಿ ಡಾಕ್ಟರಿರಲಿಲ್ಲ, ಜಾತಿ ಕೇಳಿದರು, ಏನಿದ್ದರೂ ಅದನ್ನೇ. ಮಗುವಿನ ಹೆಸರು ಊರಿಗೆ ಗೊತ್ತಾಗೋದು ಬೇಡ, ಲೆಕ್ಕ ಮಾತ್ರ ಗೊತ್ತಾಗಲಿ. ಹತ್ತು ಶಾಲೆಯ ಹತ್ತು ಪುಸ್ತಕ ಒಟ್ಟಾದರೆ ಅದು ತಾಲೂಕು ಪಂಚಾಯಿತಿಯ ಮೇಜಿನ ಮೇಲೆ ಇಡುವ ಅರ್ಜಿ ಆಗುತ್ತದೆ. ವಿದ್ಯಾರ್ಥಿಗಳು ನಿಮ್ಮ ಸಮುದಾಯ ಆರೋಗ್ಯ ಕೇಂದ್ರಕ್ಕೆ ಹೋಗಿ ಮಕ್ಕಳ ತಜ್ಞರ ಹುದ್ದೆ ಎಷ್ಟು ದಿನದಿಂದ ಖಾಲಿ ಇದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ.

ಬರೆಯುವವರಿಗೂ ಒಂದು ಮಾತು. ರೋಗದ ಮಗುವನ್ನು ಇನ್ನು ಬಣ್ಣಿಸುವುದು ಸಾಕು. ಆ ಖಾಲಿ ಕುರ್ಚಿಯನ್ನು ಬಣ್ಣಿಸಿ. ಅದು ಯಾಕೆ ಖಾಲಿ, ಎಷ್ಟು ವರ್ಷದಿಂದ ಖಾಲಿ, ಅದರಲ್ಲಿ ಕೂರಬೇಕಾದವರು ಎಲ್ಲಿದ್ದಾರೆ, ಅವರನ್ನು ಅಲ್ಲಿ ತಡೆದು ಇಟ್ಟಿರುವವರು ಯಾರು. ಮಗುವಿನ ಮುಖ ಕಂಡರೆ ಓದುಗ ಅತ್ತು ಹಗುರಾಗುತ್ತಾನೆ. ಖಾಲಿ ಕುರ್ಚಿ ಕಂಡರೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ನಮಗೆ ಬೇಕಾದದ್ದು ಅದೇ.